ಬೇಟೆಯ ಬೆನ್ನುಚೀಲ ಮತ್ತು ಹೊರೆಯ ತಾಲೀಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಕೊಲರಾಡೊದ ಡೆನ್ವರ್‌ನಲ್ಲಿದ್ದೇನೆ. ಬರುವ ಅಕ್ಟೋಬರ್‌ನಲ್ಲಿ ಕಚೇರಿಯ ಇಬ್ಬರು ಗೆಳೆಯರ ಜೊತೆ ಮೊದಲ ಬಾರಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಟಿದ್ದೇನೆ. ಕಡ್ಡಾಯವಾದ ಹಂಟರ್ ಎಜುಕೇಶನ್ ತರಗತಿಯನ್ನೂ ಮುಗಿಸಿದ್ದೇನೆ. ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗೆ ಡೇರೆ ಹಾಕಿ ಐದು ದಿನ ಇರಬೇಕೆಂಬುದು ನಮ್ಮ ಯೋಚನೆ. ನನ್ನ ಬಳಿ 60 ಲೀಟರಿನ ಚಾರಣದ ಚೀಲವೊಂದಿದೆ. ಅದೇ ಸಾಕಾಗುತ್ತದೆಯೇ? ಹೊಸದನ್ನು ಕೊಳ್ಳುವುದಾದರೆ ಏನನ್ನು ನೋಡಿ ಕೊಳ್ಳಬೇಕು? ನನಗೆ 41 ವರ್ಷ, ತೂಕ 74 ಕಿಲೋ.

ಉತ್ತರ: ಹೋಗುವಾಗಿನ ಹೊರೆಗೆ ನಿಮ್ಮ ಚೀಲ ಸಾಕಾಗಬಹುದು. ಬರುವಾಗಿನ ಹೊರೆಗೆ ಸಾಲದು, ಮತ್ತು ಬೇಟೆಯ ಚೀಲವನ್ನು ಆರಿಸಬೇಕಾದದ್ದು ಬರುವಾಗಿನ ಹೊರೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ. ಈ ಒಂದು ಮಾತನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ನನ್ನ ಮೊದಲ ಬೇಟೆಯ ಕೊನೆಯ ಎರಡು ದಿನಗಳು ಬೇರೆಯದೇ ಆಗಿರುತ್ತಿದ್ದವು.

ಲೆಕ್ಕ ಹಾಕಿ ನೋಡೋಣ. ಡೇರೆ, ಮಲಗುವ ಚೀಲ, ಐದು ದಿನದ ಆಹಾರ, ನೀರು, ರೈಫಲ್, ದುರ್ಬೀನು ಎಲ್ಲ ಸೇರಿ ನೀವು ಹೊತ್ತು ಹೋಗುವುದು ಇಪ್ಪತ್ತರಿಂದ ಇಪ್ಪತ್ತಮೂರು ಕಿಲೋ. ಬೆಳೆದ ಗಂಡು ಎಲ್ಕ್ ಜೀವಂತವಿರುವಾಗ ಮುನ್ನೂರು ಕಿಲೋ ಆಸುಪಾಸಿನಲ್ಲಿ ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ ಸುಮಾರು ತೊಂಬತ್ತು ಕಿಲೋ ಮಾಂಸ ಉಳಿಯುತ್ತದೆ, ತಲೆ ಮತ್ತು ಕೊಂಬಿನ ತೂಕ ಬೇರೆ. ಕೊಲರಾಡೊದ ನಿಯಮದ ಪ್ರಕಾರ ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ. ಕಡಿಮೆಯೆಂದರೂ ನಾಲ್ಕು ಕಾಲುಗಳ ಭಾಗ, ಬೆನ್ನೆಲುಬಿನ ಇಕ್ಕೆಲದ ಉದ್ದನೆಯ ಪಟ್ಟಿಗಳು ಮತ್ತು ಅದರ ಒಳಬದಿಯ ಮೃದು ಮಾಂಸ ರಸ್ತೆಗೆ ಬರಲೇಬೇಕು. ನಿಯಮ ಇಲ್ಲದಿದ್ದರೂ, ಕೊಂದ ಪ್ರಾಣಿಯ ಋಣ ತೀರುವುದು ಹಾಗೆಯೇ ಎಂದು ನಾನು ಭಾವಿಸುತ್ತೇನೆ. ಮೂವರೂ ಮೂವತ್ತು ಕಿಲೋ ಹೊತ್ತರೆ ಮಾಂಸ ಒಂದೇ ಸಲಕ್ಕೆ ಹೊರಬರುತ್ತದೆ, ಆದರೆ ಡೇರೆಗೂ ಕೊಂಬಿಗೂ ಮತ್ತೊಮ್ಮೆ ಹೋಗಿ ಬರಬೇಕು: ಎಂಟು ಕಿಲೋಮೀಟರಿನ ದಾರಿಯಲ್ಲಿ ತಲಾ ಇಪ್ಪತ್ತನಾಲ್ಕು ಕಿಲೋಮೀಟರ್, ಅದರಲ್ಲಿ ಹದಿನಾರು ಹೊರೆಯೊಂದಿಗೆ. ಗೆಳೆಯರಿಬ್ಬರೂ ಕಾರಣಾಂತರದಿಂದ ಹಿಂದೆ ಸರಿದು ನೀವೊಬ್ಬರೇ ಉಳಿದಿರಿ ಎನ್ನಿ; ನಾಲ್ಕು ಹೊರೆಗಳಿಗೆ ನಾಲ್ಕು ಸಲ ಹೊರಗೆ, ಮೂರು ಸಲ ಒಳಗೆ, ಒಟ್ಟು ಐವತ್ತಾರು ಕಿಲೋಮೀಟರ್. ಆ ಹೊತ್ತಿಗೆ ಮಾಂಸದ ಗತಿ ಏನು? ಅಕ್ಟೋಬರ್‌ನ ಮಧ್ಯಾಹ್ನದ ಬಿಸಿಲಿಗೆ ತೊಡೆಯ ಮೂಳೆಯ ಸುತ್ತಲಿನ ಮಾಂಸ ಮೊದಲು ಹುಳಿಯುತ್ತದೆ. ಆದ್ದರಿಂದ ರಸ್ತೆಯಿಂದ ಎಷ್ಟು ದೂರದಲ್ಲಿ ಗುಂಡು ಹಾರಿಸಬಹುದು ಎಂಬುದನ್ನು ರೈಫಲ್ ತೀರ್ಮಾನಿಸುವುದಿಲ್ಲ, ನಿಮ್ಮ ಬೆನ್ನು ತೀರ್ಮಾನಿಸುತ್ತದೆ. ಮೊದಲ ವರ್ಷಕ್ಕೆ ಎಂಟು ಕಿಲೋಮೀಟರ್ ಹೆಚ್ಚಾಯಿತು. ನಾಲ್ಕಕ್ಕೆ ಇಳಿಸಿಕೊಳ್ಳಿ ಎಂಬುದು ನನ್ನ ಪ್ರಾಮಾಣಿಕ ಸಲಹೆ.

ಇನ್ನು ಚೀಲದ ವಿಷಯ. ಅಂಗಡಿಗೆ ಹೋದವರು ಮೊದಲು ಎಷ್ಟು ಲೀಟರ್ ಎಂದು ಕೇಳುತ್ತಾರೆ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಐದು ದಿನಕ್ಕೆ 70ರಿಂದ 90 ಲೀಟರ್ ಸರಿಹೋಗುತ್ತದೆ, ಅಲ್ಲಿಗೆ ಆ ಮಾತು ಮುಗಿಯಿತು. ಮೊದಲು ನೋಡಬೇಕಾದದ್ದು ಚೌಕಟ್ಟು. ಅಮೆರಿಕದ ಚೀಲ ತಯಾರಕ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರಲು ಆರಂಭಿಸಿದಾಗ ಅವುಗಳ ಮುಖ್ಯ ಗುಣ ಇದ್ದದ್ದು ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಿದ್ದರಲ್ಲಿ. 1967ರಲ್ಲಿ ಇನ್ನೊಬ್ಬ ತಯಾರಕ ಗ್ರೆಗ್ ಲೋ ಆ ಚೌಕಟ್ಟನ್ನು ಚೀಲದ ಒಳಕ್ಕೆ ಸೇರಿಸಿದರು. ಇಂದಿನ ಬೇಟೆಯ ಚೀಲಗಳು ಈ ಎರಡೂ ವಿಚಾರಗಳನ್ನು ಕೂಡಿಸಿಕೊಂಡಿವೆ: ಕಾರ್ಬನ್ ಫೈಬರ್ ಅಥವಾ ಅಲ್ಯೂಮಿನಿಯಂನ ಗಟ್ಟಿ ಚೌಕಟ್ಟು ಬೆನ್ನಿಗೆ ಅಂಟಿಕೊಂಡಿರುತ್ತದೆ, ಚೀಲವನ್ನು ಅದರಿಂದ ಸಡಿಲಿಸಿ ಹಿಂದಕ್ಕೆ ಸರಿಸಬಹುದು, ನಡುವೆ ಉಂಟಾಗುವ ಜಾಗದಲ್ಲಿ ಮಾಂಸದ ಮೂಟೆಯನ್ನಿಟ್ಟು ಪಟ್ಟಿಗಳಿಂದ ಬಿಗಿಯಬಹುದು. ಈ ಏರ್ಪಾಟಿನಿಂದ ಎರಡು ಲಾಭಗಳಿವೆ. ಅತಿ ಭಾರದ ವಸ್ತು ಬೆನ್ನೆಲುಬಿಗೆ ಅತಿ ಹತ್ತಿರ ಇರುತ್ತದೆ, ಮತ್ತು ಮಲಗುವ ಚೀಲಕ್ಕೆ ರಕ್ತ ತಾಗುವುದಿಲ್ಲ.

ನಿಮ್ಮ ಚಾರಣದ ಚೀಲದ ಚೌಕಟ್ಟು ಹದಿನೈದು-ಹದಿನೆಂಟು ಕಿಲೋ ತೂಕವನ್ನು ಸೊಗಸಾಗಿ ಹೊರುತ್ತದೆ. ಮೂವತ್ತೈದು ಕಿಲೋ ಹಾಕಿದಾಗ ಅದು ನಡುವಿನಲ್ಲಿ ಕುಸಿಯುತ್ತದೆ, ಸೊಂಟದ ಮೇಲೆ ನಿಲ್ಲಬೇಕಾದ ತೂಕ ಹಿಂದಕ್ಕೆ ಜೋತುಬಿದ್ದು ಹೆಗಲನ್ನು ಎಳೆಯತೊಡಗುತ್ತದೆ. ನನಗೆ ಆದದ್ದು ಇದೇ. ಎರಡನೆಯ ಹೊರೆಯ ಅರ್ಧ ದಾರಿಯಲ್ಲಿ ಬಲಗೈಯ ಬೆರಳುಗಳು ಜೋಮು ಹಿಡಿದವು. ಕಾರಿನ ಹತ್ತಿರ ಬಂದು ಬಕಲ್ ಬಿಚ್ಚಲು ಹೋದರೆ ಹೆಬ್ಬೆರಳಿನಲ್ಲಿ ಒತ್ತುವ ಬಲವೇ ಇರಲಿಲ್ಲ. ಹೆಗಲ ಪಟ್ಟಿಯ ಒತ್ತಡದಿಂದ ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಜಾಲ ನಲುಗಿದಾಗ ಹೀಗಾಗುತ್ತದೆ, ಸೈನಿಕರಲ್ಲಿ ಬಹುಕಾಲದಿಂದ ಕಂಡುಬಂದ ತೊಂದರೆಯಿದು. ನನ್ನ ಕೈ ಎರಡು ದಿನಕ್ಕೆ ಸರಿಹೋಯಿತು. ಕೆಲವರಿಗೆ ವಾರಗಳೇ ಹಿಡಿಯುತ್ತವೆ.

ಅಂಗಡಿಯಲ್ಲಿ ಮೊದಲು ನಿಮ್ಮ ಮುಂಡದ ಉದ್ದವನ್ನು ಅಳೆಸಿ. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವ ಮೂಳೆಯಿಂದ, ಎರಡೂ ಕೈಗಳನ್ನು ಸೊಂಟದ ಮೂಳೆಯ ಏಣಿನ ಮೇಲಿಟ್ಟಾಗ ಹೆಬ್ಬೆರಳುಗಳು ಬೆನ್ನ ಮೇಲೆ ಸೂಚಿಸುವ ಗೆರೆಯವರೆಗಿನ ಅಂತರವೇ ಆ ಉದ್ದ. ಎತ್ತರದ ಮನುಷ್ಯನ ಮುಂಡ ಗಿಡ್ಡವಾಗಿರಬಹುದು, ಗಿಡ್ಡನೆಯವರ ಮುಂಡ ಉದ್ದವಾಗಿರಬಹುದು. ಆದ್ದರಿಂದ ಎತ್ತರ ನೋಡಿ ಚೀಲ ಕೊಡುವ ಅಂಗಡಿಯವರ ಮಾತನ್ನು ನಂಬಬೇಡಿ. ಆಮೇಲೆ ಇಪ್ಪತ್ತೈದು ಕಿಲೋ ತುಂಬಿಸಿ ಹಾಕಿಕೊಳ್ಳಿ. ಎಲ್ಲ ಪಟ್ಟಿಗಳನ್ನು ಸಡಿಲಿಸಿ, ಸೊಂಟದ ಪಟ್ಟಿಯ ಅಗಲದ ನಡುಭಾಗ ಮೂಳೆಯ ಏಣಿನ ಮೇಲೆ ಕೂರುವಂತೆ ಮೊದಲು ಅದನ್ನು ಬಿಗಿಯಿರಿ. ಹೊಟ್ಟೆಯ ಮೇಲಲ್ಲ, ಮೂಳೆಯ ಮೇಲೆ. ನಂತರ ಹೆಗಲ ಪಟ್ಟಿಗಳನ್ನು ತಾಗುವಷ್ಟು ಮಾತ್ರ ಎಳೆಯಿರಿ. ಕೊನೆಯಲ್ಲಿ ಹೆಗಲ ಪಟ್ಟಿಯಿಂದ ಚೌಕಟ್ಟಿನ ತುದಿಗೆ ಹೋಗುವ, ಲೋಡ್ ಲಿಫ್ಟರ್ ಎನ್ನುವ ಕಿರುಪಟ್ಟಿಯನ್ನು ಎಳೆಯಿರಿ. ಅದು ಹೆಗಲಿನಿಂದ ಹಿಂದಕ್ಕೆ ಮೇಲ್ಮುಖವಾಗಿ, ಹತ್ತಿರಹತ್ತಿರ ನಲವತ್ತೈದು ಡಿಗ್ರಿಯ ಓರೆಯಲ್ಲಿ ಏರಬೇಕು. ಅಡ್ಡಲಾಗಿ ಇದ್ದರೆ ಚೌಕಟ್ಟು ನಿಮಗೆ ಗಿಡ್ಡವಾಯಿತು ಎಂದರ್ಥ, ಎಷ್ಟು ಎಳೆದರೂ ಹೆಗಲ ಭಾರ ಇಳಿಯುವುದಿಲ್ಲ. ಸರಿಯಾಗಿ ಕೂತ ಚೀಲದಲ್ಲಿ ತೂಕದ ಬಹುಪಾಲು ಸೊಂಟದ ಮೇಲಿರುತ್ತದೆ. ನಿಂತಲ್ಲೇ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಆಡಿಸಲು ಆಗಬೇಕು. ಅರ್ಧ ಗಂಟೆಯಾದರೂ ಹೊತ್ತುಕೊಂಡೇ ಅಂಗಡಿಯೊಳಗೆ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಹತ್ತು ನಿಮಿಷದಲ್ಲಿ ಎಲ್ಲ ಚೀಲಗಳೂ ಹಿತವಾಗಿಯೇ ಇರುತ್ತವೆ. ಸೊಂಟದ ಪಟ್ಟಿ ಇಪ್ಪತ್ತನೆಯ ನಿಮಿಷಕ್ಕೆ ಒಂದು ಅಂಗುಲ ಜಾರಿದ್ದರೆ ಆ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ.

ಬಟ್ಟೆಯನ್ನು ಉಗುರಿನಿಂದ ಗೀರಿ ಕೇಳಿಸಿಕೊಳ್ಳಿ. ಪದರ ಅಂಟಿಸಿದ ಕೆಲವು ಜಲನಿರೋಧಕ ಬಟ್ಟೆಗಳು ಪೊದೆಗೆ ತಾಗಿದಾಗ ಕಾಗದದಂತೆ ಸದ್ದು ಮಾಡುತ್ತವೆ, ಎಲ್ಕ್‌ನ ಕಿವಿ ಬಹಳ ಚುರುಕು. 500 ಡೆನಿಯರ್‌ನ (ಡೆನಿಯರ್ ಎಂದರೆ ನೂಲಿನ ದಪ್ಪದ ಅಳತೆ) ನೈಲಾನ್ ಗಟ್ಟಿಯೂ ಹೌದು, ಮೌನಿಯೂ ಹೌದು. ಮಳೆಗೆ ಒಳಗಡೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರಾಯಿತು. ಇಂಥ ಚೀಲ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರೂವರೆ ಕಿಲೋ ತೂಗುತ್ತದೆ ಎಂದು ಗಾಬರಿಯಾಗಬೇಡಿ. ಒಂದು ಕಿಲೋ ತೂಕದ ಹಗುರ ಚೀಲದಿಂದ ಉಳಿಸಿದ ಭಾರವನ್ನು ಬರುವಾಗ ಬಡ್ಡಿ ಸಮೇತ ಹೆಗಲು ತೆರಬೇಕಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ರೈಫಲ್ ಬೇಟೆಯ ಅವಧಿಯಲ್ಲಿ ಕೊಲರಾಡೊದಲ್ಲಿ ಸೊಂಟದಿಂದ ಮೇಲೆ ಕನಿಷ್ಠ 500 ಚದರ ಇಂಚು ಹೊಳಪು ಕಿತ್ತಳೆ ಅಥವಾ ಹೊಳಪು ಗುಲಾಬಿ ಬಣ್ಣದ ಹೊರ ಉಡುಪು ಇರಬೇಕು, ಟೋಪಿಯೂ ಅದೇ ಬಣ್ಣದ್ದಾಗಿರಬೇಕು. ನೀವು ಕಿತ್ತಳೆ ಅಂಗಿ ತೊಟ್ಟು ಅದರ ಮೇಲೆ ಕಂದು ಚೀಲ ಹೊತ್ತರೆ ಹಿಂದಿನಿಂದ ನೋಡುವವನಿಗೆ ಕಾಣುವುದು ಕಂದು ಬಣ್ಣವೇ. ಚೀಲದ ಮೇಲೂ ಕಿತ್ತಳೆ ಹೊದಿಕೆ ಹಾಕಿ. ಕೊಂಬು ಹೊತ್ತು ಬರುವಾಗ ಅದರ ಕವಲುಗಳಿಗೆ ಕಿತ್ತಳೆ ಪಟ್ಟಿ ಸುತ್ತಿ. ಬೆಳಕು ಕಡಿಮೆಯಾದಾಗ ಮರಗಳ ನಡುವೆ ಕೊಂಬೊಂದು ಮೇಲೆ ಕೆಳಗೆ ಆಡುತ್ತ ಸಾಗುವುದು ದೂರದಲ್ಲಿ ಕುಳಿತ ಇನ್ನೊಬ್ಬ ಬೇಟೆಗಾರನಿಗೆ ಹೇಗೆ ಕಾಣುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

ಪ್ರಶ್ನೆ: ನಾವು ಮೊಂಟಾನಾದ ಬೋಜ್‌ಮನ್‌ನಲ್ಲಿದ್ದೇವೆ. ಈ ಸಲ ಯಜಮಾನರ ಜೊತೆ ಮ್ಯೂಲ್ ಡಿಯರ್ ಎಂಬ ಜಿಂಕೆಯ ಬೇಟೆಗೆ ನಾನೂ ಹೋಗುತ್ತಿದ್ದೇನೆ. ಹನ್ನೆರಡು ವಾರ ಸಮಯವಿದೆ. ನನಗೆ ವಾರಕ್ಕೆ ಮೂರು ದಿನ ಐದು ಕಿಲೋಮೀಟರ್ ಓಡುವ ಅಭ್ಯಾಸವಿರುವುದರಿಂದ ಬೇರೆ ತಯಾರಿ ಬೇಡವೆಂದು ಅವರು ಹೇಳುತ್ತಾರೆ. ನನಗೆ ಅನುಮಾನ. ನನ್ನ ತೂಕ 58 ಕಿಲೋ. ಎಷ್ಟು ತೂಕದಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಓಟದಿಂದ ಹೃದಯ, ಶ್ವಾಸಕೋಶಗಳು ಸಿದ್ಧವಾಗಿವೆ, ಅದು ದೊಡ್ಡ ಆಸ್ತಿ. ಆದರೆ ಹೊರೆ ಹೊತ್ತು ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೂಕವನ್ನು ತಡೆದು ನಿಲ್ಲಿಸುವ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳದ್ದು, ಸಮತಟ್ಟಿನ ಓಟ ಆ ಕೆಲಸವನ್ನು ಕಲಿಸುವುದಿಲ್ಲ. ಜೊತೆಗೆ, ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಂಡರೂ ಸ್ನಾಯುರಜ್ಜು ಮತ್ತು ಮೂಳೆಗಳಿಗೆ ತಿಂಗಳುಗಳು ಬೇಕಾಗುತ್ತವೆ. ಐದನೆಯ ವಾರದ ಹೊತ್ತಿಗೆ ಇನ್ನಷ್ಟು ಹೊರಬಲ್ಲೆ ಎಂಬ ಧೈರ್ಯ ಬರುತ್ತದೆ, ಮೊಣಕಾಲಿನ ಮತ್ತು ಪಾದದ ಗಾಯಗಳಾಗುವುದು ಆ ಧೈರ್ಯ ಬಂದ ಮೇಲೆಯೇ.

ದೇಹತೂಕದ ಹತ್ತನೆಯ ಒಂದು ಭಾಗದಿಂದ, ಎಂದರೆ ಆರು ಕಿಲೋದಿಂದ, ಆರಂಭಿಸಿ. ವಾರಕ್ಕೆ ಎರಡೇ ಸಲ ಹೊರೆ, ಎರಡರ ನಡುವೆ ಕನಿಷ್ಠ ಎರಡು ದಿನದ ಅಂತರ. ಮೊದಲ ಮೂರು ವಾರ ತೂಕ ಹೆಚ್ಚಿಸದೆ ಸಮಯವನ್ನಷ್ಟೇ ನಲವತ್ತು ನಿಮಿಷದಿಂದ ತೊಂಬತ್ತಕ್ಕೆ ಒಯ್ಯಿರಿ. ಬಳಿಕ ವಾರಕ್ಕೊಂದು, ಹೆಚ್ಚೆಂದರೆ ಒಂದೂವರೆ ಕಿಲೋ ಏರಿಸುತ್ತ ಬನ್ನಿ. ಪ್ರತಿ ನಾಲ್ಕನೆಯ ವಾರ ಹಿಂದಿನ ತೂಕಕ್ಕೆ ಇಳಿದು ದೇಹಕ್ಕೆ ಬಿಡುವು ಕೊಡಿ. ಹತ್ತನೆಯ ವಾರಕ್ಕೆ ಹದಿಮೂರು-ಹದಿನಾಲ್ಕು ಕಿಲೋ ಹೊತ್ತು ಮೂರು ಗಂಟೆ ಬೆಟ್ಟದಲ್ಲಿ ನಡೆಯಲು ಸಾಧ್ಯವಾದರೆ ನೀವು ಸಿದ್ಧರಾದಂತೆ. ಹನ್ನೊಂದನೆಯ ವಾರ ಒಂದೇ ಒಂದು ಸಲ ಹದಿನೆಂಟು ಕಿಲೋ ಹೊತ್ತು ಚಿಕ್ಕ ದೂರ ನಡೆದು ನೋಡಿ, ಅದು ತಾಲೀಮಲ್ಲ, ಪರಿಚಯ. ಕೊನೆಯ ವಾರ ಖಾಲಿ ಬೆನ್ನಿನ ನಡಿಗೆ ಮಾತ್ರ. ಹೊರೆಯೊಂದಿಗೆ ಎಂದಿಗೂ ಓಡಬೇಡಿ. ನಿಮ್ಮ ಓಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ ಹೊರೆಯಿಲ್ಲದ ದಿನಗಳಲ್ಲಿ ಇಟ್ಟುಕೊಳ್ಳಿ.

ತೂಕಕ್ಕೆ ನೀರಿನ ಕ್ಯಾನುಗಳನ್ನು ಬಳಸುವುದು ನನಗೆ ಬಹಳ ಇಷ್ಟವಾದ ಕ್ರಮ. ಒಂದು ಲೀಟರ್ ಒಂದು ಕಿಲೋ, ತಕ್ಕಡಿಯೇ ಬೇಡ. ಆರಂಭದ ವಾರಗಳಲ್ಲಿ ಬೆಟ್ಟದ ತುದಿ ಮುಟ್ಟಿ ನೀರನ್ನು ಚೆಲ್ಲಿ ಇಳಿದುಬಿಟ್ಟರೆ ಮೊಣಕಾಲು ಉಳಿಯುತ್ತದೆ. ಏಳನೆಯ ವಾರದಿಂದ ಅರ್ಧ ಚೆಲ್ಲಿ, ಅರ್ಧ ಹೊತ್ತು ಇಳಿಯಿರಿ. ಇಳಿಯುವ ಬಲಕ್ಕೆ ಮನೆಯಲ್ಲೇ ಒಂದು ಅಭ್ಯಾಸವಿದೆ: ಮೆಟ್ಟಿಲಿನ ಮೇಲೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಸವರುವವರೆಗೆ ನಾಲ್ಕು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಪ್ರತಿ ಕಾಲಿಗೆ ಎಂಟು ಸಲದಂತೆ ಮೂರು ಸರದಿ. ಮಾರನೆಯ ದಿನ ತೊಡೆ ನೋಯುತ್ತದೆ, ಎರಡನೆಯ ವಾರಕ್ಕೆ ನೋಯುವುದಿಲ್ಲ.

ನಡಿಗೆಯ ವೇಗದ ಬಗ್ಗೆಯೂ ಹೇಳಬೇಕು. ಅಮೆರಿಕದ ಸೇನೆಯ ಸಂಶೋಧಕರಾದ ಪ್ಯಾಂಡಾಲ್ಫ್ ಮತ್ತು ಸಂಗಡಿಗರು 1977ರಲ್ಲಿ ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಸೂತ್ರವೊಂದರಲ್ಲಿ ಹೊರೆಯ ನಡಿಗೆಗೆ ತಗಲುವ ಶಕ್ತಿ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ, ಏರು ಕಡಿದಾದಷ್ಟೂ ಹೆಚ್ಚುತ್ತದೆ, ದಟ್ಟ ಪೊದೆಗಾಡಿನಲ್ಲಿ ಈ ಭಾಗವನ್ನು ಒಂದೂವರೆಯಿಂದ ಗುಣಿಸಬೇಕಾಗುತ್ತದೆ. ಯಜಮಾನರ ಹೆಜ್ಜೆಗೆ ಹೆಜ್ಜೆ ಹಾಕುವ ಹಟ ಬೇಡ. ಪೂರ್ಣ ವಾಕ್ಯ ಮಾತಾಡಲು ಉಸಿರು ಸಾಲುವಷ್ಟೇ ವೇಗ ಸಾಕು. ಪಾದದ ಮೇಲಿನ ತೂಕ ಬೆನ್ನ ಮೇಲಿನ ಅಷ್ಟೇ ತೂಕಕ್ಕಿಂತ ಐದು ಪಟ್ಟಿನಷ್ಟು ಶಕ್ತಿ ಬೇಡುತ್ತದೆ, ಹಾಗಾಗಿ ಗಟ್ಟಿಯಾದ ಬೂಟುಗಳಲ್ಲೇ ಹಗುರವಾದದ್ದನ್ನು ಆರಿಸಿ, ಹನ್ನೆರಡು ವಾರವೂ ಅದೇ ಬೂಟು, ಅದೇ ಕಾಲುಚೀಲ, ಅದೇ ಬೆನ್ನುಚೀಲದಲ್ಲಿ ತಾಲೀಮು ನಡೆಸಿ. ಹಿಮ್ಮಡಿಯಲ್ಲಿ ಬಿಸಿ ಅನಿಸಿದ ಕ್ಷಣವೇ ನಿಂತು ಟೇಪು ಅಂಟಿಸಿ. ಗುಳ್ಳೆ ಎದ್ದ ಮೇಲೆ ಅಂಟಿಸಿದರೆ ನೋವು ತಪ್ಪುವುದಿಲ್ಲ.

ನಿಮ್ಮ ಯಜಮಾನರಿಗೊಂದು ಮಾತು: ಬೆಳೆದ ಗಂಡು ಮ್ಯೂಲ್ ಡಿಯರ್‌ನಿಂದ ಮೂಳೆ ಬಿಡಿಸಿದ ಮಾಂಸ ಇಪ್ಪತ್ತೈದರಿಂದ ಮೂವತ್ತು ಕಿಲೋ ಬರುತ್ತದೆ. ದೇಹತೂಕಕ್ಕೆ ತಕ್ಕಂತೆ ಪಾಲು ಮಾಡಿಕೊಳ್ಳಿ, ಸಮಪಾಲು ಬೇಡ. 58 ಕಿಲೋ ತೂಕದವರ ಬೆನ್ನಿಗೆ ಹದಿನೆಂಟು ಕಿಲೋ ಎಂದರೆ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಅದಕ್ಕಿಂತ ಹೆಚ್ಚು ಹೊರಿಸುವುದಕ್ಕಿಂತ ಇನ್ನೊಮ್ಮೆ ನಡೆದು ಬರುವುದು ಲೇಸು.

ಪ್ರಶ್ನೆ: ಮೂರು ವಾರದಿಂದ ಇಪ್ಪತ್ತು ಕಿಲೋ ಹೊತ್ತು ಅಭ್ಯಾಸ ಮಾಡುತ್ತಿದ್ದೇನೆ. ಒಂದು ಗಂಟೆಯಾದ ಮೇಲೆ ಎಡ ತೊಡೆಯ ಹೊರಮೈ ಮರಗಟ್ಟಿದಂತಾಗಿ ಉರಿಯುತ್ತದೆ. ನಡೆಯಲು ತೊಂದರೆಯಿಲ್ಲ. ಮುಂದುವರಿಸಬಹುದೇ?

ಉತ್ತರ: ಸೊಂಟದ ಮೂಳೆಯ ಮುಂತುದಿಯ ಬಳಿ ಹಾದುಹೋಗುವ, ತೊಡೆಯ ಹೊರಚರ್ಮಕ್ಕೆ ಸ್ಪರ್ಶ ಒದಗಿಸುವ ನರವೊಂದಿದೆ. ಬಿಗಿದ ಸೊಂಟಪಟ್ಟಿ ಅದನ್ನು ಒತ್ತಿದಾಗ ನೀವು ಹೇಳಿದ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ಸ್ನಾಯುವಿಗೆ ಹೋಗುವ ನರ ಅದಲ್ಲವಾದ್ದರಿಂದ ಕಾಲಿನ ಬಲ ಕುಂದುವುದಿಲ್ಲ. ಪಟ್ಟಿಯ ಮುಂಭಾಗದ ಮೆತ್ತೆ ಆ ಮೂಳೆಯ ತುದಿಯ ಮೇಲೆಯೇ ಮುಗಿಯುತ್ತಿದೆಯೇ ಎಂದು ನೋಡಿ. ಹಾಗಿದ್ದರೆ ದೊಡ್ಡ ಅಳತೆಯ ಪಟ್ಟಿ ಬೇಕು. ಪ್ಯಾಂಟಿನ ಬೆಲ್ಟನ್ನು ತೆಗೆದಿಡಿ, ಜೇಬಿನಲ್ಲಿ ಚಾಕು, ಬೀಗದಕೈ ಇಟ್ಟುಕೊಳ್ಳಬೇಡಿ, ಅರ್ಧ ಗಂಟೆಗೊಮ್ಮೆ ಐದು ನಿಮಿಷ ಪಟ್ಟಿ ಸಡಿಲಿಸಿ ಭಾರವನ್ನು ಹೆಗಲಿಗೆ ಬಿಡಿ. ಮೂರೇ ವಾರದಲ್ಲಿ ಇಪ್ಪತ್ತು ಕಿಲೋ ಎಂಬುದು ಅವಸರವಾಯಿತು, ಹತ್ತಕ್ಕೆ ಇಳಿಯಿರಿ. ಹತ್ತು ದಿನದಲ್ಲಿ ಮರಗಟ್ಟುವಿಕೆ ಹೋಗದಿದ್ದರೆ, ಅಥವಾ ಮೊಣಕಾಲು ಕುಸಿಯುವಂತೆ ಅನಿಸಿದರೆ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಹೊರುವ ಬದಲು ಒಂಟಿ ಚಕ್ರದ ಕೈಗಾಡಿಯನ್ನು ಒಯ್ದರೆ ಆಗದೇ?

ಉತ್ತರ: ನೀವು ಹೋಗುವ ಜಾಗ ಯಾವುದೆಂಬುದರ ಮೇಲೆ ಅದು ನಿಂತಿದೆ. 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಸಂರಕ್ಷಿತ ವನ್ಯಪ್ರದೇಶ (ವೈಲ್ಡರ್‌ನೆಸ್) ಎಂದು ಘೋಷಿತವಾದ ಜಾಗಗಳಲ್ಲಿ ಮೋಟಾರು ಇರಲಿ ಇಲ್ಲದಿರಲಿ, ಯಾಂತ್ರಿಕ ಸಾಗಣೆಗೆ ಅವಕಾಶವಿಲ್ಲ. ಮಾಂಸ ಸಾಗಿಸುವ ಕೈಗಾಡಿಯೂ ಅದರಲ್ಲಿ ಸೇರುತ್ತದೆ. ಉಳಿದ ರಾಷ್ಟ್ರೀಯ ಅರಣ್ಯಗಳ ಕಾಲುದಾರಿಗಳಲ್ಲಿ ಅನೇಕ ಕಡೆ ಬಳಸಬಹುದು, ಆಯಾ ಅರಣ್ಯದ ಕಚೇರಿಗೆ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ. ಬಿದ್ದ ಮರಗಳು ಅಡ್ಡವಾಗಿರುವ ದಾರಿಯಲ್ಲಿ ಗಾಡಿಯನ್ನೂ ಮಾಂಸವನ್ನೂ ಬೇರೆಬೇರೆಯಾಗಿ ಎತ್ತಿ ದಾಟಿಸಬೇಕಾಗುತ್ತದೆ. ನಿಮ್ಮ ಜಾಗ ವೈಲ್ಡರ್‌ನೆಸ್ ಆಗಿದ್ದು ಹೊರೆ ಮೀರುವುದೆಂದು ಅನಿಸಿದರೆ, ಪರವಾನಗಿಯುಳ್ಳ ಕುದುರೆಯವರನ್ನು ಬೇಟೆಗೆ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರಾಣಿ ಬಿದ್ದ ಮೇಲೆ ಬೆಟ್ಟದ ತುದಿಗೇರಿ ಫೋನಿನ ಸಂಕೇತ ಹುಡುಕುತ್ತ ಕೂತರೆ, ಋತುವಿನ ಮಧ್ಯದಲ್ಲಿ ಅವರ ಕುದುರೆಗಳೆಲ್ಲ ಬೇರೆ ಕಣಿವೆಗಳಿಗೆ ಹೋಗಿರುವ ಸಂಭವವೇ ಹೆಚ್ಚು.